ಭಾಗಮ್ಮಕ್ಕನ ಎಲುಬಿನವರು, ಕೊಂಬಿನವರು

ಬಸ್ಸಿನಲ್ಲಿ ಮುಂದೆ ನಿಂತವರ ಬೆನ್ನು ಮುಟ್ಟಿ ನೋಡುವ ಅಭ್ಯಾಸ ಭಾಗಮ್ಮಕ್ಕನಿಗಿತ್ತು. ಎಲ್ಲರ ಬೆನ್ನಲ್ಲ. ಟೀ ಶರ್ಟಿನ ಹಿಂದೆ ಚಿತ್ರವಿರಬೇಕು. ಅದರಲ್ಲೂ ತಲೆಬುರುಡೆಯೋ ಕೊಂಬೋ ಬೆಂಕಿಯೋ ಇದ್ದರೆ ಅವಳ ಬಲಗೈಯ ಹೆಬ್ಬೆರಳು ತಾನಾಗಿಯೇ ಮುಂದಕ್ಕೆ ಹೋಗುತ್ತಿತ್ತು. ಚಿತ್ರದ ಅಂಚನ್ನು ಒಮ್ಮೆ ಸವರಿ, ಬಣ್ಣ ಎಷ್ಟು ದಪ್ಪ ಕೂತಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ನೋಡಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಇದಕ್ಕಾಗಿ ತೆಲುಗಿನಲ್ಲೂ ಹಿಂದಿಯಲ್ಲೂ ಸಾಕಷ್ಟು ಬೈಸಿಕೊಂಡಿದ್ದಳು. "ಏನ್ ಮಾಡೂದ್ರಿ, ನನ್ನ ಕೈ ನನ್ನ ಮಾತ ಕೇಳಂಗಿಲ್ಲ" ಎಂದು ನಗುತ್ತಿದ್ದಳು. ಮಾರನೆಯ ದಿನ ಮತ್ತೆ ಅದೇ ಕತೆ.

ನಾನು ಅವಳಿಗೆ ಸಿಕ್ಕಿದ್ದೂ ಹೀಗೆಯೇ. ಮಾಧಾಪುರದಲ್ಲಿ ಒಂದರ ಹಿಂದೊಂದು ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಕುಂದಾಪುರದಿಂದ ಆ ತೆಲುಗು ಶಹರಕ್ಕೆ ಹೋದ ನಾನು ಅಂಥದೊಂದು ಕಟ್ಟಡದ ಐದನೆಯ ಮಹಡಿಯಲ್ಲಿ ಕೂತು, ಯಾವುದೋ ದೇಶದ ವಿಮೆ ಕಂಪನಿಯ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಿದ್ದೆ. ವಾರದ ಐದು ದಿನ ಇಸ್ತ್ರಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಶನಿವಾರ ಬಂತೆಂದರೆ ಕಪ್ಪು ಟೀ ಶರ್ಟು. ಹಬ್ಸಿಗುಡದ ನಮ್ಮ ರೂಮಿನಲ್ಲಿದ್ದ ನಾಲ್ವರಿಗೂ ಹೆವಿ ಮೆಟಲ್ಲಿನ ಹುಚ್ಚು. ಗಿಟಾರುಗಳ ಗುಡುಗು, ಡ್ರಮ್ಮಿನ ಏಟು, ಗಂಟಲು ಹರಿಯುವ ಕೂಗು. ಐದು ದಿನ ಎಲ್ಲದಕ್ಕೂ "ಓಕೆ, ಶ್ಯೂರ್" ಅಂದವರಿಗೆ ಬೇರೆಯವರ ಕೂಗಾದರೂ ಬೇಕಿತ್ತೇನೋ.

ಅಂಥದೊಂದು ಶನಿವಾರ ನಾಚಾರಂ ಬಸ್ಸಿನಲ್ಲಿ ಜಾಗವಿಲ್ಲದೆ ಹೆಂಗಸರ ಸೀಟುಗಳ ಪಕ್ಕದಲ್ಲಿ ನೇತಾಡುತ್ತಿದ್ದೆ. ಬೆನ್ನ ಮೇಲೆ ಯಾರದೋ ಬೆರಳು ಓಡಿದಂತಾಯಿತು. ತಿರುಗಿ ನೋಡಿದರೆ ಹಸಿರು ಬಳೆಗಳ, ಮೊಳಕೈವರೆಗೆ ಬಗೆಬಗೆಯ ಬಣ್ಣ ಮೆತ್ತಿದ ಒಂದು ಕೈ. ಆ ಕೈಯ ಹೆಂಗಸು ಪಕ್ಕದವಳಿಗೆ ಹೇಳುತ್ತಿದ್ದಳು, "ನಂದಽ ಐತಿ ನೋಡ ಇದು."

"ಯಾವುದು ನಿಮ್ಮದು?" ಎಂದೆ.

"ಅಯ್ಯ, ಕನ್ನಡದವ್ರೇನ್ರಿ? ತಪ್ಪ ತಿಳ್ಕೋಬ್ಯಾಡ್ರಿ ಅಣ್ಣಾರ. ನಿಮ್ಮ ಅಂಗಿ ಮ್ಯಾಲಿನ ಚಿತ್ರ ನಾನಽ ಛಾಪಿಸಿದ್ದು. ಕೊಂಬಿನ ತುದಿಗೆ ಒಂದ್ ಚುಕ್ಕಿ ಐತಲ್ಲ, ಅದು ಚಿತ್ರದಾಗಿಂದಲ್ಲ. ಜಾಲ್ಯಾಗ ತೂತ ಬಿದ್ದಿತ್ತು. ನಾ ನೋಡೂದ್ರಾಗ ನಲವತ್ತು ಅಂಗಿ ಆಗಿಹೋಗಿದ್ದವು."

ಆ ಅಂಗಿಯನ್ನು ನಾನು ಕೋಠಿಯ ಭಾನುವಾರದ ಸಂತೆಯಲ್ಲಿ ಕೊಂಡದ್ದು. ಮಾರಿದವನು ಅದು ವಿದೇಶದ ಮಾಲೆಂದು ತಾಯಿಯಾಣೆ ಹಾಕಿದ್ದ. ಕೊಂಬಿನ ತುದಿಯ ಆ ಬಿಳಿ ಚುಕ್ಕೆ ಬ್ಯಾಂಡಿನವರ ಏನೋ ಗುಪ್ತ ಸಂಕೇತವೆಂದು ರೂಮಿನವರಿಗೆ ಎರಡು ತಿಂಗಳು ವ್ಯಾಖ್ಯಾನ ಮಾಡಿದ್ದೆ. ಉಳಿದ ಮೂವರು ಅದನ್ನು ನಂಬಿಯೂ ಇದ್ದರು. ಬಸ್ಸಿನಲ್ಲಿ ನಾನು ಪೆಚ್ಚಾಗಿ ನಕ್ಕೆ. ಅವಳು ಇಳಿಯುವಲ್ಲೇ ಇಳಿದು, ಅವಳ ಹಿಂದೆಯೇ ನಡೆದು ಅವಳು ಕೆಲಸ ಮಾಡುವ ಶೆಡ್ಡನ್ನು ನೋಡಿ ಬಂದೆ. ಅಲ್ಲಿಂದ ಮುಂದೆ ಎರಡು ವರ್ಷ ನನ್ನ ಬಹಳಷ್ಟು ಶನಿವಾರಗಳು ಆ ಶೆಡ್ಡಿನಲ್ಲೇ ಕಳೆದವು.

ನಾಚಾರಂ ಇಂಡಸ್ಟ್ರಿಯಲ್ ಏರಿಯಾದ ಒಳಗಲ್ಲಿಯೊಂದರಲ್ಲಿ, ಬಿಸ್ಕತ್ತಿನ ವಾಸನೆಯೂ ರಾಸಾಯನಿಕದ ವಾಸನೆಯೂ ಬೆರೆಯುವ ಜಾಗದಲ್ಲಿ, ತಗಡಿನ ಸೂರಿನ ಆ ಶೆಡ್ಡಿತ್ತು. ಒಳಗೆ ಉದ್ದುದ್ದದ ನಾಲ್ಕು ಟೇಬಲ್ಲು. ಟೇಬಲ್ಲಿನ ಮೇಲೆ ಸಾಲಾಗಿ ಅಂಗಿಗಳನ್ನು ಅಂಟಿಸಿರುತ್ತಿದ್ದರು. ನಾಲ್ಕು ಕಡೆ ಕಟ್ಟಿಗೆಯ ಚೌಕಟ್ಟು, ಅದಕ್ಕೆ ಬಿಗಿದ ಸಣ್ಣ ಕಣ್ಣಿನ ಜಾಲಿ ಬಟ್ಟೆ. ಇದಕ್ಕೆ ಫ್ರೇಮು ಎನ್ನುತ್ತಿದ್ದರು. ಜಾಲಿಯಲ್ಲಿ ಚಿತ್ರದ ಭಾಗ ಮಾತ್ರ ತೆರೆದಿರುತ್ತದೆ, ಉಳಿದದ್ದು ಮುಚ್ಚಿರುತ್ತದೆ. ಫ್ರೇಮನ್ನು ಅಂಗಿಯ ಮೇಲಿಟ್ಟು, ಬಣ್ಣ ಸುರಿದು, ರಬ್ಬರಿನ ಪಟ್ಟಿಯಿಂದ ಮೇಲಿನಿಂದ ಕೆಳಕ್ಕೆ ಒಂದೇ ಸಮನೆ ಎಳೆಯಬೇಕು. ಎಳೆತ ಎಲ್ಲಾದರೂ ತಡೆದರೆ ಅಂಗಿ ಹಾಳು. ಒಂದು ಅಂಗಿ ಮುಗಿಸಿ ಫ್ರೇಮು ಎತ್ತಿಕೊಂಡು ಮುಂದಿನದಕ್ಕೆ. ಹೀಗೆ ದಿನವಿಡೀ ಟೇಬಲ್ಲಿನ ಉದ್ದಕ್ಕೂ ನಡೆಯುತ್ತಲೇ ಇರಬೇಕು.

ಆ ಎಳೆಯುವ ಕೆಲಸ ಗಂಡಸರದ್ದು ಎಂದೇ ಅಲ್ಲಿ ಲೆಕ್ಕ. ಹೆಂಗಸರು ದಾರ ಕತ್ತರಿಸುವುದು, ಮಡಚುವುದು, ಕೆಲಸ ಮುಗಿದ ಫ್ರೇಮುಗಳನ್ನು ಮದ್ದು ಹಾಕಿ ತೊಳೆಯುವುದು. ಭಾಗಮ್ಮಕ್ಕ ಸೇಡಂ ಕಡೆಯವಳು. ಮದುವೆಗೆ ಮುಂಚೆ ಶಹಾಬಾದಿ ಕಲ್ಲು ಹೊತ್ತು ಗಟ್ಟಿಯಾದ ತೋಳು. ಗಂಡ ಜೀಡಿಮೆಟ್ಲಾದಲ್ಲಿ ರಾಸಾಯನಿಕದ ಡ್ರಮ್ಮು ತೊಳೆಯುವ ಕೆಲಸಕ್ಕೆ ಬಂದ, ಇವಳು ಇಲ್ಲಿಗೆ ಬಂದಳು. ಎಂಟು ವರ್ಷ ಮಡಚಿದಳು, ತೊಳೆದಳು. ಒಂದು ಸಲ ನಾಲ್ಕನೆಯ ಟೇಬಲ್ಲಿನವನು ಹಬ್ಬಕ್ಕೆಂದು ಊರಿಗೆ ಹೋದವನು ಬರಲೇ ಇಲ್ಲ. ಅರ್ಜೆಂಟು ಮಾಲು ಹೋಗಬೇಕಿತ್ತು. ಮಾಲಿಕ ಸತ್ತಯ್ಯ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಇವಳು ಸೆರಗು ಸಿಕ್ಕಿಸಿ ರಬ್ಬರು ಪಟ್ಟಿ ಹಿಡಿದಳಂತೆ. ಸಂಜೆಯೊಳಗೆ ಮಾಲು ಮುಗಿಯಿತು, ಒಂದು ಅಂಗಿಯೂ ಹಾಳಾಗಿರಲಿಲ್ಲ. ಅಂದಿನಿಂದ ಕಿಟಕಿ ಪಕ್ಕದ ನಾಲ್ಕನೆಯ ಟೇಬಲ್ಲು ಅವಳದ್ದು.

"ಟೇಬಲ್ ಮ್ಯಾಲ ನಿಂತವ್ರಿಗೆ ಇಲ್ಲಿ ಮಾಸ್ಟರ್ ಅಂತಾರ್ರಿ" ಎಂದು ಮೊದಲ ದಿನವೇ ಹೇಳಿದ್ದಳು. "ಎಂಟ್ ವರ್ಷ ನನ್ನ 'ಏ' ಅಂದ್ರು. ಈಗ ಸತ್ತಯ್ಯ ಸೇಠ್ ಸುದ್ದ ಭಾಗಮ್ಮ ಮಾಸ್ಟರ್ ಅಂತಾನ. ಮನ್ಯಾಗ ನನ್ನ ಗಂಡಗ ಹೇಳಿದ್ರ ನಗ್ತಾನ." ಉಳಿದ ಮೂರು ಟೇಬಲ್ಲಿನ ಗಂಡಸರಿಗೆ ಇದು ನುಂಗಲಾರದ ತುತ್ತಾಗಿತ್ತು. ಸತ್ತಯ್ಯನ ಕಿವಿಯಲ್ಲಿ ಏನಾದರೂ ಊದುತ್ತಲೇ ಇದ್ದರು. ಅವಳಿಗೂ ಇದು ಗೊತ್ತಿತ್ತು. ಮೈಗೆ ಹುಷಾರಿಲ್ಲದಿದ್ದರೂ ಒಂದು ದಿನ ರಜೆ ಹಾಕುತ್ತಿರಲಿಲ್ಲ. "ಒಂದ್ ದಿನ ಬಿಟ್ರ ಟೇಬಲ್ ಹೋತು ಅಂತ ತಿಳಿ" ಎನ್ನುತ್ತಿದ್ದಳು. ಒಂದು ತಿಂಗಳಲ್ಲಿ 'ಅಣ್ಣಾರ' ಹೋಗಿ ನಾನು 'ತಮ್ಮಾ' ಆಗಿದ್ದೆ, ಬಹುವಚನವೂ ಬಿದ್ದುಹೋಗಿತ್ತು. ನಾನು ಮಾತ್ರ ಕಡೆಯವರೆಗೂ 'ಅಕ್ಕ, ನೀವು' ಅಂದೆ.

ಹೆವಿ ಮೆಟಲ್ಲಿನ ಒಂದು ಹಾಡನ್ನೂ ಕೇಳದ ಭಾಗಮ್ಮಕ್ಕ ಅದರ ಬ್ಯಾಂಡುಗಳನ್ನೆಲ್ಲ ಬಲ್ಲವಳಾಗಿದ್ದಳು. ಇಂಗ್ಲಿಷ್ ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಚಿತ್ರ ನೋಡಿ ತಾನೇ ಹೆಸರಿಟ್ಟುಕೊಂಡಿದ್ದಳು. ತಲೆಬುರುಡೆ, ಅಸ್ಥಿಪಂಜರ ಇದ್ದವರು ಎಲುಬಿನವರು. ಕೋಣದ ತಲೆಯವರು ಕೊಂಬಿನವರು. ಹೆಸರಿನ ಎರಡೂ ತುದಿ ಚೂಪಾಗಿ ಕೆಳಗಿಳಿದವರು ಮಿಂಚಿನವರು. ಒಬ್ಬ ಮುದುಕ ಕುದುರೆಯ ಮೇಲೆ ಕೂತ ಚಿತ್ರದವರಿಗೆ ಅವಳು "ನಮ್ಮ ಮಾವನ ಮಂದಿ" ಎನ್ನುತ್ತಿದ್ದಳು, ಮಾವನ ಮೂಗು ಹಾಗೆಯೇ ಇತ್ತಂತೆ. ಬೆಳಿಗ್ಗೆ ಮೊದಲ ಅಂಗಿಗೆ ಮುಂಚೆ ಫ್ರೇಮನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದಳು, ಅದರಲ್ಲಿ ದೆವ್ವ ನಾಲಗೆ ಚಾಚಿ ಕೂತಿದ್ದರೂ ಸರಿ. "ಅನ್ನ ಹಾಕೂದು ಫ್ರೇಮು. ಅದರಾಗ ಯಾರ್ ಕುಂತಾರ ಅಂತ ನಾ ಯಾಕ ನೋಡ್ಲಿ?"

ಯಾವ ಬ್ಯಾಂಡು ದೊಡ್ಡದು ಎನ್ನುವುದಕ್ಕೆ ಅವಳದೇ ಆದ ಅಳತೆಯಿತ್ತು. ಮಾಲು ಮುಗಿದ ಮೇಲೆ ಫ್ರೇಮು ತೊಳೆದು, ಚಿತ್ರ ತೆಗೆದು, ಅದೇ ಜಾಲಿಯ ಮೇಲೆ ಬೇರೆ ಚಿತ್ರ ಕೂರಿಸುವುದು ಆ ಕೆಲಸದ ರೂಢಿ. ಯಾವ ಬ್ಯಾಂಡಿನ ಫ್ರೇಮನ್ನು ತೊಳೆಯಲು ಬಿಡುವೇ ಸಿಗುವುದಿಲ್ಲವೋ ಅದು ದೊಡ್ಡದು. "ಎಲುಬಿನವ್ರ ಫ್ರೇಮು ನಾ ಬಂದಾಗಿಂದ ತೊಳದಿಲ್ಲ. ಜಾಲಿ ಹರದ್ರ ಹೊಸಾದು ಹಾಕ್ತೀವಿ, ಮತ್ತ ಅದಽ ಚಿತ್ರ. ಕೊಂಬಿನವ್ರದು ವರ್ಷಕ್ಕ ಒಮ್ಮೆ ತೊಳದ್ರ ಭಾಳ ಆತು. ಮಿಂಚಿನವ್ರು ಕಾಲೇಜ್ ಸುರುವಾಗೂ ಮುಂದ ಬರ್ತಾರ, ಆಮ್ಯಾಲ ಮಲಕೋತಾರ." ಇದನ್ನು ಕೇಳಿ ನಾವು ನಾಲ್ವರೂ ನಗುತ್ತಿದ್ದೆವು. ನಮ್ಮ ಪ್ರಕಾರ ಎಲುಬಿನವರದು ಹಳೆಯ ಕಾಲದ ಸಂಗೀತ, ಮುದುಕರು ಕೇಳುವಂಥದ್ದು. ನಮ್ಮದು ಇನ್ನೂ ವೇಗದ್ದು, ಇನ್ನೂ ಕತ್ತಲಿನದ್ದು, ಹೆಸರನ್ನು ಓದಲಿಕ್ಕೂ ಬಾರದಂಥದ್ದು.

ಒಮ್ಮೆ ನನ್ನ ವಾಕ್‌ಮನ್ನಿನ ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿ ಕೊಂಬಿನವರ ಹಾಡೊಂದನ್ನು ಕೇಳಿಸಿದೆ. ಊಟದ ಬಿಡುವು. ರೊಟ್ಟಿಯ ಗಂಟು ಕಟ್ಟುತ್ತ ಪೂರ್ತಿ ಕೇಳಿದಳು. ಕಿವಿ ಮುಚ್ಚಿಕೊಂಡು ಓಡುತ್ತಾಳೆ ಎಂದು ನಾನು ಕಾದಿದ್ದೆ.

"ಇವ್ರಽ ಏನು ಕೊಂಬಿನವ್ರು?"

"ಹೌದಕ್ಕ."

"ಇಷ್ಟಽನಾ? ಚಿತ್ರ ನೋಡಿದ್ರ ಇನ್ನೂ ದೊಡ್ಡ ದನಿ ಇರತೈತಿ ಅಂದ್ಕೊಂಡಿದ್ದೆ" ಎಂದು ಹೆಡ್‌ಫೋನು ವಾಪಸು ಕೊಟ್ಟಳು. ಪಕ್ಕದ ಕಾರ್ಖಾನೆಯ ಕಬ್ಬಿಣ ಕತ್ತರಿಸುವ ಯಂತ್ರವನ್ನು ದಿನವೂ ಕೇಳುವವಳಿಗೆ ಅದು ಸಪ್ಪೆಯೆನಿಸಿರಬೇಕು. ಮತ್ತೆಂದೂ ಕೇಳುತ್ತೇನೆ ಅನ್ನಲಿಲ್ಲ.

ಮುಳ್ಳುಕಂಟಿಯವರ ಕತೆಯನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವು ನಾಲ್ವರು ಆರಾಧಿಸುತ್ತಿದ್ದ ಒಂದು ಬ್ಯಾಂಡಿತ್ತು. ಅದರ ಹೆಸರನ್ನು ಬೇರಿನಂತೆ, ಜಾಲಿಮರದ ಮುಳ್ಳಿನಂತೆ ಕವಲೊಡೆಸಿ ಬರೆದಿದ್ದರು. ಯಾರಿಗೂ ಓದಲು ಬರಬಾರದು ಎನ್ನುವುದೇ ಅದರ ಹೆಮ್ಮೆ. ಅದನ್ನು ಅಂಗಿಗೆ ಹಾಕಿಸಿಕೊಳ್ಳಬೇಕೆಂದು ಗೆಳೆಯರನ್ನೆಲ್ಲ ಸೇರಿಸಿ ನಲವತ್ತು ಅಂಗಿಗೆ ಹೇಳಿದೆವು. ಚಿತ್ರವನ್ನು ನಾನೇ ಇಂಟರ್ನೆಟ್ಟಿನಿಂದ ತೆಗೆದು, ಫ್ರೇಮಿಗೆ ಇಳಿಸಲು ಬೇಕಾದ ಪಾರದರ್ಶಕ ಹಾಳೆಯ ಫಿಲ್ಮು ಮಾಡಿಸಿ ಅವಳ ಕೈಗೆ ಕೊಟ್ಟೆ. ಮುಂದಿನ ಶನಿವಾರ ಹೋದರೆ ಅಂಗಿಗಳು ಮಡಚಿ ತಯಾರಾಗಿದ್ದವು. ಒಂದನ್ನು ಬಿಚ್ಚಿದೆ. ಮುಳ್ಳಿಲ್ಲ, ಕವಲಿಲ್ಲ. ಮದುವೆ ಮನೆಯ ಬ್ಯಾಂಡ್‌ಸೆಟ್ಟಿನವರ ಬೋರ್ಡಿನ ಹಾಗೆ ದುಂಡಗಿನ, ನಯವಾದ ಅಕ್ಷರ.

ಅವಳ ಮುಖದಲ್ಲಿ ದೊಡ್ಡ ಕೆಲಸ ಮಾಡಿದ ಸಂತೋಷ. "ನಿನ್ನ ಫಿಲ್ಮ್ ಭಾಳ ಕೆಟ್ಟಿತ್ತು ತಮ್ಮಾ. ಮಸಿ ಎಲ್ಲಾ ಕಡೆ ಹರದು ಮುಳ್ಳಕಂಟಿ ಆಗಿತ್ತು. ಸೇಠ್‌ಗ ಹೇಳಿದ್ರ ನಿನಗ ಬೈತಾನಂತ ಸುಮ್ನ ನಾನಽ ಕುಂತು, ಸಣ್ಣ ಬ್ರಷ್‌ಲೆ ಒಂದೊಂದಽ ಮುಳ್ಳು ತಗದೀನಿ. ಎರಡ ದಿನ ಹತ್ತು ನೋಡ. ಕಣ್ಣ ಹೋದ್ವು."

ಓದಲು ಬಾರದವಳು ಆ ಹೆಸರನ್ನು ಎಲ್ಲರೂ ಓದುವಂತೆ ಮಾಡಿಬಿಟ್ಟಿದ್ದಳು. ರೂಮಿನಲ್ಲಿ ದೊಡ್ಡ ಗಲಾಟೆಯಾಯಿತು. ನನಗೆ ಅವಳಿಗೆ ಹೇಳಲು ಮನಸ್ಸು ಬರಲಿಲ್ಲ, ಆದರೆ ಯಾರೂ ಒಯ್ಯದೆ ಅಂಗಿಗಳು ಶೆಡ್ಡಿನಲ್ಲೇ ಉಳಿದುವಲ್ಲ, ಆಗ ಅವಳಿಗೇ ಗೊತ್ತಾಯಿತು. "ಓದಾಕ ಬರಬಾರದು ಅಂತಽ ಬರದಾರಾ? ಹಂಗಂದ್ರ ಯಾಕ ಬರದ್ರು?" ಎಂದಳು. ಆ ನಲವತ್ತು ಅಂಗಿಗಳನ್ನು ಅವಳು ತನ್ನ ಊರ ಕಡೆಯಿಂದ ಬಂದ ಗೌಂಡಿ ಕೆಲಸದವರಿಗೆ ಹಂಚಿದಳು. ಒಂದು ದಿನ ಐದನೆಯ ಮಹಡಿಯ ಕಿಟಕಿಯಿಂದ ನೋಡುತ್ತೇನೆ, ಎದುರಿಗೆ ಏಳುತ್ತಿದ್ದ ಕಟ್ಟಡದ ಸಾರುವೆಯ ಮೇಲೆ ಸಿಮೆಂಟು ಬುಟ್ಟಿ ದಾಟಿಸುತ್ತಿದ್ದವರೆಲ್ಲರ ಎದೆಯ ಮೇಲೂ ಜಗತ್ತಿನ ಅತಿ ಕತ್ತಲಿನ ಬ್ಯಾಂಡಿನ ಹೆಸರು ದುಂಡಗೆ ಹೊಳೆಯುತ್ತಿತ್ತು. ಆ ವಾರ ನಾನು ನಕ್ಕದ್ದು ಅದೊಂದಕ್ಕೇ.

ಅಷ್ಟು ಹೊತ್ತಿಗೆ ನನಗೆ ನಗುವುದೂ ಆಯಾಸವೆನಿಸತೊಡಗಿತ್ತು. ಕೆಲಸ ಹೆಚ್ಚಾಗುತ್ತ ಹೋಯಿತು, ಶನಿವಾರಗಳನ್ನೂ ತಿನ್ನತೊಡಗಿತು. ಶೆಡ್ಡಿಗೆ ಹೋದರೂ ಅವಳ ಟೇಬಲ್ಲಿನ ಕೊನೆಯಲ್ಲಿ ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದೆ. "ಕುಂತು ಕುಂತು ದಣಿಯೂದು ನಿಮ್ಮ ಮಂದೀನಽ ನೋಡ್ದೆ" ಎಂದು ಅವಳು ಕೆಣಕುತ್ತಿದ್ದಳು. ಹಾಗೆ ಕೆಣಕುತ್ತಲೇ ತನ್ನ ಡಬ್ಬಿಯ ಚಹಾದಲ್ಲಿ ಅರ್ಧ ನನ್ನ ಮುಂದಿಡುತ್ತಿದ್ದಳು. ಅವಳ ಬಲಭುಜ ಆಗಲೇ ನೋಯುತ್ತಿತ್ತು. ಯಾರಿಗೂ ಹೇಳಬೇಡ ಎಂದು ನನಗೆ ಮಾತ್ರ ಹೇಳಿದ್ದಳು.

ಆ ವರ್ಷದ ಚಳಿಗಾಲದಲ್ಲಿ ಊರಾಚೆಯ ಒಂದು ಮೈದಾನದಲ್ಲಿ ಕಾಲೇಜುಗಳೆಲ್ಲ ಸೇರಿ ಎರಡು ದಿನದ ಮೆಟಲ್ ಮೇಳ ಇಟ್ಟುಕೊಂಡವು. ಸತ್ತಯ್ಯ ಅಲ್ಲಿ ಅಂಗಡಿ ಹಿಡಿದ. ಮುಂಚೆಯೇ ಮಾಲು ಮಾಡಿಟ್ಟುಕೊಳ್ಳಬೇಕಿತ್ತು. ಕೊರಳಿನ ಗುರುತಿನ ಚೀಟಿ ತೆಗೆಯುವುದನ್ನು ಮರೆತು ಹೋಗಿದ್ದ ನನ್ನನ್ನು ಹಿಡಿದು ಕುರ್ಚಿ ಹಾಕಿ ಕೂರಿಸಿ, "ಮೀರು ಕಂಪ್ಯೂಟರ್ ಮನುಷುಲು. ಏದಿ ಎಕ್ಕುವ ಪೋತದಿ, ಚೆಪ್ಪುಂಡ್ರಿ ಸಾರ್" ಎಂದ. ಈಗ ಯಾವ ಬ್ಯಾಂಡು ಎಲ್ಲಕ್ಕಿಂತ ಹೆಚ್ಚು ಓಡುತ್ತದೆ ಎನ್ನುವುದು ಅವನ ಪ್ರಶ್ನೆ. ಇಷ್ಟು ಗೌರವದಿಂದ ನನ್ನ ಅಭಿಪ್ರಾಯವನ್ನು ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ಎರಡು ದಿನ ಆಫೀಸಿನ ಕಂಪ್ಯೂಟರಿನಲ್ಲಿ ಮೆಟಲ್ ಹುಚ್ಚರು ಜಗಳವಾಡುವ ತಾಣಗಳನ್ನೆಲ್ಲ ಜಾಲಾಡಿ, ಯಾರ ಹೆಸರು ಎಷ್ಟು ಸಲ ಬರುತ್ತದೆಂದು ಎಣಿಸಿ, ಚೆಂದದ ಪಟ್ಟಿ ಮಾಡಿದೆ. ಮೇಲಿನ ಸಾಲಿನಲ್ಲಿ ಮುಳ್ಳುಕಂಟಿಯವರು ಮತ್ತು ಅಂಥವರೇ ಇನ್ನೂ ನಾಲ್ಕು ಬ್ಯಾಂಡು. ಎಲುಬಿನವರು ಒಂಬತ್ತನೆಯವರು, ಕೊಂಬಿನವರು ಹನ್ನೊಂದು.

ಸತ್ತಯ್ಯ ಹೊರಗೆ ಹೋಗಿದ್ದಾಗ ಭಾಗಮ್ಮಕ್ಕ ನನ್ನನ್ನು ಹತ್ತಿರ ಕರೆದಳು. ಕೈ ನಿಲ್ಲಿಸದೆಯೇ ಮಾತಾಡಿದಳು.

"ಮುಳ್ಳಕಂಟಿ ಬ್ಯಾಡ ತಮ್ಮಾ. ಎಲುಬು ಹಾಕ್ಸು, ಕೊಂಬು ಹಾಕ್ಸು. ಎರಡಽ ಸಾಕು."

"ಅಕ್ಕ, ಇದು ಮೆಟಲ್ ಗೊತ್ತಿದ್ದವರೇ ಬರುವ ಜಾಗ. ಎಲುಬಿನವರನ್ನು ಅಲ್ಲಿ ಯಾರು ಕೇಳ್ತಾರೆ?"

"ಹಾಡು ಕೇಳೂ ಮಂದಿ ಎಷ್ಟದಾರೋ ನನಗ ಗೊತ್ತಿಲ್ಲ. ಅಂಗಿ ಹಾಕ್ಕೋಳೂ ಮಂದೀನ ನಾ ದಿನಾ ನೋಡ್ತೀನಿ. ಬಸ್ಸಿನ್ಯಾಗ ನೋಡ್ತೀನಿ, ಸಂತ್ಯಾಗ ನೋಡ್ತೀನಿ. ಒದರಾಡೂ ಮಂದಿ ಬ್ಯಾರೆ, ಕೊಳ್ಳೂ ಮಂದಿ ಬ್ಯಾರೆ. ನಿನ್ನ ಕಂಪ್ಯೂಟರ್‌ನ್ಯಾಗ ಒದರಾಡೂ ಮಂದಿ ಅಷ್ಟಽ ಸಿಗ್ತಾರ."

"ಹಾಗಾದರೆ ಸೇಠಿಗೆ ನೀವೇ ಹೇಳಿ."

"ಅಂವ ನನ್ನ ಕೇಳಿಲ್ಲಲ್ಲೋ. ಕೇಳದವ್ರಿಗೆ ಹೋಗಿ ಹೆಂಗ ಹೇಳೂದು? ನೀನಽ ಹೇಳು. ನಿನ್ನ ಹೆಸರಿಲೆನಽ ಹೇಳು, ನನ್ನ ಹೆಸರ ಬ್ಯಾಡ."

ನಾನು ನಕ್ಕೆ. ಹೇಳುತ್ತೇನೆ ಎಂದೂ ಅಂದೆ. ಹೇಳಲಿಲ್ಲ. ಮರೆತೆನೆಂದರೆ ಸುಳ್ಳಾಗುತ್ತದೆ. ಅಷ್ಟು ಶ್ರಮಪಟ್ಟು ಮಾಡಿದ ಪಟ್ಟಿಯನ್ನು ಇಂಗ್ಲಿಷ್ ಓದಲು ಬಾರದ ಹೆಂಗಸಿನ ಮಾತಿನ ಮೇಲೆ ತಿದ್ದುವುದು ನನಗೆ ಬೇಡವಾಗಿತ್ತು. ಮೂರು ವಾರ ನಾಲ್ಕೂ ಟೇಬಲ್ಲುಗಳಲ್ಲಿ ಮುಳ್ಳುಕಂಟಿಯವರ ಅಂಗಿಗಳು ತಯಾರಾದವು. ಈ ಸಲ ಮುಳ್ಳುಗಳೆಲ್ಲ ಸರಿಯಾಗಿ ಬಂದಿದ್ದವು. ಅವಳು ಒಂದು ಮುಳ್ಳನ್ನೂ ಬಿಡದೆ ಕೂರಿಸಿದ್ದಳು.

ಮೇಳದಲ್ಲಿ ನಾನೂ ಅಂಗಡಿಯ ಹಿಂದೆ ನಿಂತಿದ್ದೆ. ಬಂದವರೆಲ್ಲ ಮುಳ್ಳುಕಂಟಿಯವರ ಅಂಗಿ ಎತ್ತಿ ನೋಡಿ, ಹೊಗಳಿ, ಕೆಳಗಿಟ್ಟು, ಎಲುಬಿನವರದು ಇದೆಯಾ ಎಂದು ಕೇಳಿದರು. ತಂದಿದ್ದ ಸ್ವಲ್ಪವೇ ಎಲುಬಿನ ಅಂಗಿಗಳು ಮೊದಲ ದಿನ ಮಧ್ಯಾಹ್ನಕ್ಕೇ ಖಾಲಿಯಾದವು. ಮುಳ್ಳುಕಂಟಿಯವರ ಹಾಡು ಬಂದಾಗ ತಲೆ ಕೊಡವಿ ಕುಣಿದವರ ಮೈಮೇಲೂ ಎಲುಬು, ಕೊಂಬು. ಮೂಟೆಗಳು ಹೋದ ಹಾಗೆಯೇ ಹಿಂದಕ್ಕೆ ಬಂದವು.

ಸೋಮವಾರ ಸತ್ತಯ್ಯ ಫೋನು ಮಾಡಿ ಕರೆಸಿದ. ಆಫೀಸಿನಲ್ಲಿ ಆ ವಾರ ಹೊಸ ಆವೃತ್ತಿ ಕೊಡಬೇಕಿತ್ತು. ಮೂರು ದಿನದಿಂದ ನಿದ್ದೆಯಿರಲಿಲ್ಲ, ಕಣ್ಣು ಉರಿಯುತ್ತಿತ್ತು. ಶೆಡ್ಡಿನ ನಡುವೆ ಮೂಟೆಗಳ ಪಕ್ಕ ನಿಂತು ಅವನು ಎಲ್ಲರೆದುರು ಕೇಳಿದ: ಈ ಮುಳ್ಳು ಓಡುತ್ತದೆಂದು ಯಾರನ್ನು ಕೇಳಿ ಬರೆದಿರಿ ಸಾರ್? ನನಗೆ ಬೇಗ ಅಲ್ಲಿಂದ ಹೋದರೆ ಸಾಕಾಗಿತ್ತು. ಬಾಯಿಂದ ಮಾತು ತಾನಾಗಿ ಬಂತು. "ಭಾಗಮ್ಮಕ್ಕನನ್ನೂ ಕೇಳಿದ್ದೆ. ಅವರೂ ಹೋಗುತ್ತದೆ ಅಂದರು" ಎಂದು ಹಿಂದಿಯಲ್ಲಿ ಹೇಳಿದೆ.

ನಾಲ್ಕನೆಯ ಟೇಬಲ್ಲಿನಲ್ಲಿ ಅವಳ ಎಳೆತ ನಡುವಿಗೇ ನಿಂತಿತು. ಎರಡು ವರ್ಷದಲ್ಲಿ ಅದೊಂದೇ ಸಲ ನಾನು ಅದನ್ನು ಕಂಡದ್ದು. ಉಳಿದ ಮೂವರೂ ಕೈ ನಿಲ್ಲಿಸಿ ಅವಳ ಕಡೆ ತಿರುಗಿದರು. ಅವಳು ನನ್ನನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ ಎಳೆತ ಮುಗಿಸಿದಳು. ಆ ಅಂಗಿ ಹಾಳಾಯಿತು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ನನ್ನನ್ನು ಸತ್ತಯ್ಯ ಏನೂ ಮಾಡುವಂತಿರಲಿಲ್ಲ. ಅವಳು ಅವನ ಕೈಕೆಳಗಿದ್ದಳು. ಗಂಡಸರು ಊದಿದ್ದೆಲ್ಲ ಅವನ ಕಿವಿಯಲ್ಲಿ ಇನ್ನೂ ಇದ್ದಿರಬೇಕು. ಮಾರನೆಯ ದಿನವೇ ನಾಲ್ಕನೆಯ ಟೇಬಲ್ಲಿಗೆ ಅವನ ಭಾವಮೈದುನ ಬಂದ. ಭಾಗಮ್ಮಕ್ಕ ಹಿಂದಿನ ಕೋಣೆಗೆ, ಮಡಚುವ ಕೆಲಸಕ್ಕೆ ಹೋದಳು. ಇದನ್ನು ನನಗೆ ಶೆಡ್ಡಿನ ಕಡೆ ಹೋಗಿದ್ದ ರೂಮಿನವನೊಬ್ಬ ಬಂದು ಹೇಳಿದ. ನಾಳೆ ಹೋಗಿ ಸತ್ಯ ಹೇಳಿಬರಬೇಕು ಎಂದುಕೊಂಡೆ. ವಾರ ಕಳೆಯಿತು. ಒಂದು ಭಾನುವಾರ ಹೋದೆ, ಶೆಡ್ಡಿಗೆ ಬೀಗ. ಭಾನುವಾರ ಬೀಗವಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಆಫೀಸಿನ ಹತ್ತಿರ ಕೊಂಡಾಪುರಕ್ಕೆ ರೂಮು ಬದಲಾಯಿತು. ದಣಿದಿದ್ದೇನೆ ಎನ್ನುವುದು ಎಲ್ಲದಕ್ಕೂ ಸಾಕಾಗುವ ಕಾರಣವಾಗಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು, ಆ ಹೇಸಿಗೆಯೂ ನಿದ್ದೆಯ ಮುಂದೆ ನಿಲ್ಲುತ್ತಿರಲಿಲ್ಲ.

ಈಗ ಆ ಸಂಗೀತ ಕೇಳುವ ತ್ರಾಣ ನನಗಿಲ್ಲ. ಯಾವ ಬ್ಯಾಂಡನ್ನು ಎಷ್ಟು ಜನ ಕೇಳುತ್ತಾರೆಂದು ಈಗ ಫೋನೇ ಹೇಳುತ್ತದೆ, ಲೆಕ್ಕ ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಯಾವ ಪಟ್ಟಿ ತೆಗೆದರೂ ಮೇಲೆ ಇರುವವರು ಎಲುಬಿನವರು, ಕೊಂಬಿನವರೇ. ಮುಳ್ಳುಕಂಟಿಯವರನ್ನು ಹುಡುಕಲು ಬೆರಳು ನೋಯುವಷ್ಟು ಕೆಳಗಿಳಿಯಬೇಕು.

ಅವಳನ್ನು ಕೊನೆಯ ಸಲ ಕಂಡದ್ದು ಆ ಸೋಮವಾರ ಕಳೆದು ಒಂದೂವರೆ ವರ್ಷದ ನಂತರ. ಪುಣೆಗೆ ವರ್ಗವಾಗಿತ್ತು. ಹೊರಡುವ ಮುನ್ನ ಒಂದು ಮಧ್ಯಾಹ್ನ ನಾಚಾರಂಗೆ ಹೋದೆ. ಮೊದಲು ಸತ್ತಯ್ಯನ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಪಟ್ಟಿ ನನ್ನದು, ಅಕ್ಕ ಬೇಡವೆಂದಿದ್ದಳು, ನಾನು ಸುಳ್ಳು ಹೇಳಿದೆ. ಅವನು ಬಹಳ ಹೊತ್ತು ನೆನಪಿಸಿಕೊಳ್ಳಲು ಯತ್ನಿಸಿದ. "ಏ ಮೇಳ ಸಾರ್?" ಎಂದು, ಯಾವ ಮೇಳವೆಂದೇ ತಿಳಿಯದೆ ಕೇಳಿದ. ನೆನಪಾದ ಮೇಲೆ, ಅದೆಲ್ಲ ಆಗಿಹೋದ ಮಾತು ಎಂದು ಕೈ ಬೀಸಿದ. ಭಾವಮೈದುನನನ್ನು ಟೇಬಲ್ಲಿನಿಂದ ಎಬ್ಬಿಸಿದರೆ ಮನೆಯಲ್ಲಿ ಅನ್ನ ಸಿಗುವುದಿಲ್ಲ ಎಂದು ನಕ್ಕು, ಚಹಾ ತರಿಸಿದ.

ಹಿಂದಿನ ಕೋಣೆಯಲ್ಲಿ ಅವಳು ಅಂಗಿಗಳ ರಾಶಿಯ ನಡುವೆ ಕೂತಿದ್ದಳು. ಕೈಗಳು ಬೆಳ್ಳಗಿದ್ದವು. ಅವನ್ನು ಬಣ್ಣವಿಲ್ಲದೆ ನಾನು ನೋಡಿಯೇ ಇರಲಿಲ್ಲ. "ಬಾ ತಮ್ಮಾ, ಸೊರಗೀಯಲ್ಲೋ. ಊಟ ಗೀಟ ಮಾಡ್ತಿಯೋ ಇಲ್ಲೋ?" ಎಂದು ಪಕ್ಕದ ರಾಶಿ ಸರಿಸಿ ಜಾಗ ಮಾಡಿದಳು. ಸತ್ತಯ್ಯನಿಗೆ ಸತ್ಯ ಹೇಳಿದೆ ಎಂದೆ. ಟೇಬಲ್ಲು ಮಾತ್ರ ಸಿಗಲಿಲ್ಲ ಎಂದೆ. ತಪ್ಪಾಯಿತು ಅಕ್ಕ ಎಂದೆ. ಅವಳು ಮಡಚುತ್ತಲೇ ಇದ್ದಳು. ಕಡೆಗೆ ನಾನೇ ಕೇಳಿದೆ, "ಅವತ್ತು ನೀವು ಯಾಕೆ ಸುಮ್ಮನಿದ್ದಿರಿ? ಇವನು ಸುಳ್ಳು ಹೇಳುತ್ತಿದ್ದಾನೆ ಅನ್ನಬಹುದಿತ್ತಲ್ಲ?"

ಕೈಯಲ್ಲಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಏನಂತ ಹೇಳ್ಲಿ? ಇಂವಾ ನನ್ನ ಕೇಳೇ ಇಲ್ಲ ಅಂತ ಹೇಳ್ಬೇಕಿತ್ತು. ಇಷ್ಟ್ ವರ್ಷ ಈ ಶೆಡ್ಡಿನ್ಯಾಗ ದುಡದೀನಿ, 'ಭಾಗಮ್ಮನ್ನ ಕೇಳಿ ಮಾಡೀನಿ' ಅಂತ ಒಬ್ಬರ ಬಾಯಾಗ ಬಂದಿದ್ದಿಲ್ಲ. ನಿನ್ನ ಬಾಯಾಗ ಬಂತು. ಸುಳ್ಳು ಅಂತ ನನಗ ಗೊತ್ತಿತ್ತು ತಮ್ಮಾ. ಆದ್ರ ಅವ್ರೆಲ್ಲಾ ಕೈ ಬಿಟ್ಟು ನನ್ನ ಕಡೆ ನೋಡಿದ್ರಲ್ಲ, ಇಲ್ಲ ಅನ್ನಾಕ ಮನಸ್ಸ ಬರಲಿಲ್ಲ."

ಮರುವರ್ಷ ಆ ಶೆಡ್ಡು ಗೋದಾಮಾಯಿತಂತೆ. ಅವಳು ಎಲ್ಲಿಗೆ ಹೋದಳೆಂದು ಹೇಳುವವರು ಸಿಗಲಿಲ್ಲ. ಆ ಮಧ್ಯಾಹ್ನ ನಾನು ಇನ್ನೂ ಸ್ವಲ್ಪ ಹೊತ್ತು ಅವಳ ಪಕ್ಕ ಕೂತಿದ್ದೆ. ಭುಜದ ನೋವು ಹೇಗಿದೆ, ಮುಂದೇನು ಮಾಡುತ್ತೀರಿ, ಹೀಗೆ ಕೇಳಬೇಕಾದದ್ದು ಬೇಕಾದಷ್ಟಿತ್ತು. ಎದ್ದು ಬರುವವರೆಗೂ ನಾನು ಅವಳನ್ನು ಏನೊಂದೂ ಕೇಳಲಿಲ್ಲ.